ಬೋರಿನಲ್ಲಿ ನೀರು ಎಷ್ಟು ಅಡಿಗಿದೆ? ನಾವು ಅಳೆದು ನೋಡಿದ್ದು

ಚಿತ್ರದುರ್ಗ ಜಿಲ್ಲೆಯ ನಮ್ಮ ಹೊಳಲ್ಕೆರೆ ಕಡೆ ಯಾರನ್ನೇ ಕೇಳಿ, ಬೋರ್ ಎಷ್ಟು ಅಡಿ ಕೊರೆಸಿದ್ದೀರಿ ಅಂದರೆ ತಟ್ಟನೆ ಹೇಳುತ್ತಾರೆ. ಎಷ್ಟು ಇಂಚು ನೀರು ಬಿತ್ತು, ಮೇಲಿನ ಮಣ್ಣು ಕುಸಿಯದಂತೆ ಹಾಕುವ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು, ಮೋಟ್ರು ಎಷ್ಟು ಎಚ್‌ಪಿ, ಸಾಲ ಎಷ್ಟಾಯಿತು, ಎಲ್ಲ ಬಾಯಲ್ಲೇ ಇರುತ್ತದೆ. ಆದರೆ ಇವತ್ತು ಬೆಳಿಗ್ಗೆ ಆ ಬೋರಿನಲ್ಲಿ ನೀರು ಎಷ್ಟು ಅಡಿಗೆ ನಿಂತಿದೆ ಅಂತ ಕೇಳಿ ನೋಡಿ. ಮುಖ ಮುಖ ನೋಡಿಕೊಳ್ಳುತ್ತಾರೆ. ಪೈಪಿನಲ್ಲಿ ನೀರು ಬರುವವರೆಗೂ ಆ ಪ್ರಶ್ನೆ ಯಾರಿಗೂ ಬೇಕಾಗುವುದಿಲ್ಲ.

ನಮ್ಮ ಮನೆಯಲ್ಲೂ ಅದೇ ಕಥೆ. ತಾತ ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಯಲ್ಲಿ ಈಗ ಹಳೇ ಪೈಪು, ಮುಳ್ಳುಕಂಟಿ ತುಂಬಿದೆ. ಅಪ್ಪ ತೊಂಬತ್ತರ ದಶಕದಲ್ಲಿ ಕೊರೆಸಿದ ಬೋರ್ 180 ಅಡಿ. ಅದು ನಿಂತ ಮೇಲೆ 420 ಅಡಿಯದು. ಅದೂ ಕೈಕೊಟ್ಟ ಮೇಲೆ 740 ಅಡಿಯದು. ಆಗ ಇದ್ದ 3 ಎಕರೆ ಅಡಿಕೆಗೆ ಅದೊಂದೇ ಗತಿ. ಮಧ್ಯೆ ಬರೀ ಧೂಳು ಹಾರಿದ ಬೋರುಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ಬರೆದರೆ ಅಪ್ಪನಿಗೆ ಬೇಜಾರಾಗುತ್ತದೆ.

ಅಳೆಯುವ ಯೋಚನೆ ತಲೆಗೆ ಬಂದದ್ದು ಪಂಚಾಯ್ತಿ ಸಭೆಯಲ್ಲಿ. ಕೇಂದ್ರದ ಅಟಲ್ ಭೂಜಲ ಯೋಜನೆಗೆ ಕರ್ನಾಟಕವೂ ಸೇರಿ 7 ರಾಜ್ಯಗಳನ್ನು ಆರಿಸಿದ್ದರು. ಅದರಲ್ಲಿ ಚಿತ್ರದುರ್ಗ ಜಿಲ್ಲೆಯೂ ಇದೆ. ಊರಿನವರೇ ಕೂತು ನೀರಿನ ಬಜೆಟ್ ಮಾಡಬೇಕು ಅನ್ನುವುದು ಆ ಯೋಜನೆಯ ಒಂದು ಭಾಗ. ವರ್ಷಕ್ಕೆ ನೆಲಕ್ಕೆ ಇಳಿಯುವ ನೀರು ಎಷ್ಟು, ನಾವು ಎತ್ತುವುದು ಎಷ್ಟು ಅಂತ ಲೆಕ್ಕ ಹಾಕಬೇಕು. ಬಳಸಬಹುದಾದ ನೀರಿನಲ್ಲಿ 70 ಪರ್ಸೆಂಟ್ ಒಳಗೆ ಎತ್ತುತ್ತಿದ್ದರೆ ಆ ತಾಲ್ಲೂಕು ಸುರಕ್ಷಿತ. 90 ದಾಟಿದರೆ ಅಪಾಯ. 100 ದಾಟಿದರೆ ಅತಿ ಬಳಕೆ. ನಮ್ಮ ತಾಲ್ಲೂಕು ಎಷ್ಟೋ ವರ್ಷದಿಂದ ಈ ಕೊನೆಯ ಪಟ್ಟಿಯಲ್ಲೇ ಇದೆ.

ಸಭೆಗೆ ಬಂದಿದ್ದ ಭೂವಿಜ್ಞಾನ ಓದಿದ ಹುಡುಗ ಬೋರ್ಡ್ ಮೇಲೆ ಒಂದು ಲೆಕ್ಕ ಹಾಕಿದ. ಅದನ್ನು ಇಲ್ಲಿ ಪೂರ್ತಿ ಹೇಳಲೇಬೇಕು, ಯಾಕೆಂದರೆ ಆಮೇಲೆ ನಾವು ಮಾಡಿದ್ದೆಲ್ಲ ಅದರಿಂದ ಹುಟ್ಟಿದ್ದು. ನಮ್ಮ ಕಡೆ ಒಳ್ಳೆ ವರ್ಷದಲ್ಲಿ 600 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಗ್ರಾನೈಟು, ಶಿಸ್ಟು ಇರುವ ಇಂಥ ಕಲ್ಲುನೆಲದಲ್ಲಿ ಮಳೆಯ 8ರಿಂದ 11 ಪರ್ಸೆಂಟ್ ಮಾತ್ರ ಕೆಳಗೆ ಇಂಗುತ್ತದೆ ಅಂತ ಸರ್ಕಾರಿ ಲೆಕ್ಕದಲ್ಲಿ ಹಿಡಿಯುತ್ತಾರೆ. ಹಾಗೆ ನೋಡಿದರೆ ಒಂದು ಎಕರೆಗೆ ವರ್ಷಕ್ಕೆ 2 ಲಕ್ಷ ಲೀಟರ್‌ನಿಂದ 2.7 ಲಕ್ಷ ಲೀಟರ್. ಇನ್ನು ಅಡಿಕೆ ಕಡೆ ಬನ್ನಿ. ಎಕರೆಗೆ ಸುಮಾರು 550 ಗಿಡ. ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಅಂತ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುತ್ತದೆ. 20 ಲೀಟರ್ ಅಂದರೆ ಎಕರೆಗೆ ದಿನಕ್ಕೆ 11,000 ಲೀಟರ್. ಮಳೆಗಾಲ ಬಿಟ್ಟು 200 ದಿನ ನೀರು ಬಿಟ್ಟರೆ 22 ಲಕ್ಷ ಲೀಟರ್. ಡ್ರಿಪ್ ಇದ್ದೂ ಒಂದು ಎಕರೆ ತೋಟ 8ರಿಂದ 11 ಎಕರೆಯ ಇಂಗಿದ ನೀರನ್ನು ಕುಡಿಯುತ್ತದೆ.

"ಹಂಗಾದ್ರೆ ಮಿಕ್ಕಿದ್ದು ಯಾರ ಹೊಲದ ನೀರು ಸ್ವಾಮಿ?" ಅಂತ ಯಾರೋ ಕೇಳಿದರು. ಹಿಂದಿನ ಸಾಲಿನಿಂದ ರಾಗಿ, ಮೆಕ್ಕೆಜೋಳ ಬೆಳೆಯುವ ಒಬ್ಬ ಅಜ್ಜ, "ನಮ್ದೇ ಕಣಪ್ಪ, ಇನ್ಯಾರ್ದು?" ಅಂದ. ಎಲ್ಲರೂ ನಕ್ಕರು. ಆದರೆ ಅಜ್ಜ ನಗಲಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ನಿಮ್ಮ ಜಮೀನಿನ ಕೆಳಗಿನ ನೀರನ್ನು ನಿಮ್ಮ ಜಮೀನಿನಲ್ಲಿ ಎತ್ತಿಕೊಳ್ಳುವ ಹಕ್ಕು ನಿಮ್ಮದು. ಆದರೆ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ ನೋಡಿ. ಬೋರ್ ಇದ್ದವನದೇ ನೀರು, ಬೋರ್ ಇಲ್ಲದ ಅಜ್ಜನಿಗೆ ಮಳೆ ಮಾತ್ರ.

ಮುಂದಿನ ಕೆಲಸ ಅಳೆಯುವುದು. ಅದಕ್ಕೆ ವಾಟರ್ ಲೆವೆಲ್ ಸೌಂಡರ್ ಅಂತ ಒಂದು ಉಪಕರಣ ಇರುತ್ತದೆ. ಗುರುತು ಹಾಕಿದ ಟೇಪಿನ ಸುರುಳಿ, ತುದಿಯಲ್ಲಿ ಬೆರಳಷ್ಟು ಉದ್ದದ ಸ್ಟೀಲ್ ಕಡ್ಡಿ. ಕಡ್ಡಿ ನೀರಿಗೆ ತಾಗಿದರೆ ಮೇಲೆ ಬೀಪ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ. ಕೇಳಲು ಸುಲಭ. ಮೊದಲ ದಿನ ಅದನ್ನು ಇಳಿಸಿದಾಗ 60 ಅಡಿಗೇ ಬೀಪ್ ಅಂದಿತು. ಅಪ್ಪನ ಮುಖ ಅರಳಿತು. ಆ ಹುಡುಗ ಟೇಪನ್ನು ಸ್ವಲ್ಪ ಆಡಿಸಿದ, ಬೀಪ್ ನಿಂತುಹೋಯಿತು. ಕೇಸಿಂಗ್ ಮುಗಿಯುವ ಜಾಗದಲ್ಲಿ ಬಂಡೆಯಿಂದ ಜಿನುಗುವ ನೀರು ಕಡ್ಡಿಗೆ ತಾಗಿದ್ದಷ್ಟೇ. ನಿಂತ ನೀರು ಸಿಕ್ಕಿದರೆ ಬೀಪ್ ನಿಲ್ಲುವುದಿಲ್ಲ, ಟೇಪು ಎತ್ತಿ ಇಳಿಸಿದಾಗ ಪ್ರತಿ ಸಲ ಅದೇ ಗುರುತಿಗೆ ಕೂಗುತ್ತದೆ. ಇನ್ನೊಂದು ತಾಪತ್ರಯ ಅಂದರೆ ಬೋರಿನೊಳಗೆ ಪೈಪು, ಕೇಬಲ್, ಹಗ್ಗ ಎಲ್ಲ ಇರುತ್ತದೆ. ಟೇಪು ಅದರಲ್ಲಿ ಸುತ್ತಿಕೊಂಡರೆ ಮುಗಿಯಿತು, ಮೋಟ್ರು ಎತ್ತಿಸಬೇಕು. ಅದಕ್ಕೇ ಮುಂದಿನ ಸಲ ಮೋಟ್ರು ರಿಪೇರಿಗೆ ಎತ್ತಿದಾಗ ಮುಕ್ಕಾಲು ಇಂಚಿನ ತೆಳು ಪೈಪೊಂದನ್ನು ಜೊತೆಯಲ್ಲೇ ಕಟ್ಟಿ ಇಳಿಸಿದೆವು. ಈಗ ಟೇಪು ಅದರೊಳಗೇ ಹೋಗುತ್ತದೆ.

ಅಳೆಯುವುದಕ್ಕೂ ಹೊತ್ತು ಇದೆ. ರಾತ್ರಿಯೆಲ್ಲ ಮೋಟ್ರು ಓಡದೆ, ನೀರು ಮೇಲೇರಿ ನಿಂತ ಮೇಲೆ ನೋಡಬೇಕು. ನಮ್ಮಲ್ಲಿ ಎಲ್ಲರ ಸ್ಟಾರ್ಟರ್‌ಗೂ ಆಟೋ ಇದೆ. ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಊರಿನ ಅಷ್ಟೂ ಮೋಟ್ರು ಒಟ್ಟಿಗೇ ಎದ್ದು ಓಡುತ್ತವೆ. ತೋಟಕ್ಕೆ ನೀರು ಬೇಕೋ ಬೇಡವೋ ಕೇಳುವವರಿಲ್ಲ. 10 ಎಚ್‌ಪಿವರೆಗೆ ಕರೆಂಟ್ ಬಿಲ್ ಇಲ್ಲ, ಹಾಗಾಗಿ ಆಟೋ ಆಫ್ ಮಾಡುವ ಗೋಜಿಗೆ ಯಾರು ಹೋಗುತ್ತಾರೆ? ಅಂತರ್ಜಲದ ಬಗ್ಗೆ ಎಷ್ಟೇ ಭಾಷಣ ಮಾಡಿ, ಆ ಚಿಕ್ಕ ಸ್ವಿಚ್ಚಿನಷ್ಟು ಹಾಳು ಬೇರೆ ಯಾವುದೂ ಮಾಡಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಳೆಯುವ ಹಿಂದಿನ ಸಂಜೆ ಆಟೋ ಆಫ್ ಮಾಡಿ ಮಲಗುವುದು ನಮಗೆ ಅಭ್ಯಾಸವಾಯಿತು.

2022ರ ದೀಪಾವಳಿ ಮುಗಿದ ಮೇಲೆ ಬರೆದುಕೊಂಡ ಮೊದಲ ಅಂಕಿ 110 ಅಡಿ. ಆ ವರ್ಷದ ಮಳೆ ಹೇಗಿತ್ತು ಅಂತ ನೆನಪಿದೆ ಅಲ್ವಾ? 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಡ್ಯಾಮ್ 89 ವರ್ಷದ ಮೇಲೆ ಮತ್ತೆ ಕೋಡಿ ಬಿದ್ದ ವರ್ಷ. ಹಾಗಾಗಿ ಬೆಳಿಗ್ಗೆ 110 ಅಡಿ, ಮೂರು ಗಂಟೆ ಮೋಟ್ರು ಓಡಿಸಿದರೆ 165, ನಿಲ್ಲಿಸಿ ಮರುದಿನ ನೋಡಿದರೆ ಮತ್ತೆ 110. ಎತ್ತಿದಷ್ಟು ವಾಪಸ್ ತುಂಬುತ್ತಿತ್ತು. ಎಲ್ಲರಿಗೂ ಧೈರ್ಯ ಬಂತು. ಅಡಿಕೆಗೆ ಒಳ್ಳೆ ರೇಟೂ ಇತ್ತು. ಜೋಳ ಹಾಕುತ್ತಿದ್ದ ಹೊಲಗಳಲ್ಲೂ ಗುಂಡಿ ತೆಗೆದು ಸಸಿ ಇಟ್ಟರು.

ನಿಜವಾದ ಪಾಠ ಬೇಸಿಗೆಯಲ್ಲಿ. ಮೋಟ್ರು ಓಡುವಾಗ ನೀರು ಕೆಳಗಿಳಿಯುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಬೆಳಗಿನ ಮಟ್ಟ. ಅದು ನಿನ್ನೆಯ ಜಾಗಕ್ಕೆ ಬರುತ್ತಿದೆಯೋ ಇಲ್ಲವೋ? 2023ರ ಮಾರ್ಚ್ ಹೊತ್ತಿಗೆ ನಮ್ಮದು 190ಕ್ಕೆ ಹೋಗಿತ್ತು. ಪ್ರತಿ ವಾರ ನಾಲ್ಕೈದು ಅಡಿ ಕೆಳಗೆ. ಪೈಪಿನಲ್ಲಿ ಮಾತ್ರ ನೀರು ಮೊದಲಿನಷ್ಟೇ ಬರುತ್ತಿತ್ತು. ಕಣ್ಣಿಗೆ ಏನೂ ಕಾಣದು, ಟೇಪಿಗೆ ಮಾತ್ರ ಗೊತ್ತು.

ಯಾಕೆ ಇಷ್ಟು ಬೇಗ ಇಳಿಯುತ್ತದೆ ಅಂದರೆ ನಮ್ಮ ನೆಲದ ಗುಣ. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಗರಸು, ಕೊಳೆತ ಕಲ್ಲು. ನೀರು ಹಿಡಿದಿಟ್ಟುಕೊಳ್ಳುವುದು ಮುಖ್ಯವಾಗಿ ಈ ಪದರ. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಿ ನೀರು ಇದ್ದರೆ ಬಿರುಕಿನಲ್ಲಿ ಮಾತ್ರ. ಮೇಲಿನ ಪದರ ಬತ್ತಿದ ಮೇಲೆ ಬಿರುಕುಗಳಿಗೆ ನೀರು ಬರುವ ದಾರಿಯೇ ಇಲ್ಲ. ಆಳಕ್ಕೆ ಹೋದಷ್ಟೂ ಬಿರುಕುಗಳೂ ಕಡಿಮೆಯಾಗುತ್ತವೆ. 740 ಅಡಿಗೆ ಹೊಸ ನೀರು ಸಿಕ್ಕಿತು ಅಂತ ನಾವು ಅಂದುಕೊಂಡಿದ್ದೆವು. ಸಿಕ್ಕಿದ್ದು ಮೇಲಿನದೇ ನೀರು, ಉದ್ದ ದಾರಿಯಿಂದ. ಆಳದ ನೀರಿಗೆ ಇನ್ನೊಂದು ಕಾಟ ಫ್ಲೋರೈಡ್. ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದಷ್ಟೂ ಅದು ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಜಗಳೂರು, ಮೊಳಕಾಲ್ಮೂರು ಕಡೆ ಕಂದುಗಟ್ಟಿದ ಹಲ್ಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಲ್ಲೂ ಬೋರ್ ನೀರು ತೋಟಕ್ಕೆ, ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನು.

ಇನ್ನು ಇಂಚಿನ ವಿಷಯ. ಬೋರ್ ಕೊರೆಯುವಾಗ ಮಣ್ಣಿನ ಒಡ್ಡು ಕಟ್ಟಿ, ವಿ ಆಕಾರದಲ್ಲಿ ಕತ್ತರಿಸಿದ ತಗಡು ಇಟ್ಟು, ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಅಂತ ನೋಡುತ್ತಾರೆ. ಒಂದು ಇಂಚಿಗಿಂತ ಎರಡು ಇಂಚು ದುಪ್ಪಟ್ಟು ಅಂತ ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಎತ್ತರ ಏರಿದಂತೆ ಅಗಲವೂ ಏರುತ್ತದೆ, ವೇಗವೂ ಏರುತ್ತದೆ. ಒಂದು ಇಂಚು ಅಂದರೆ ಗಂಟೆಗೆ 500 ಲೀಟರ್ ಆಸುಪಾಸು, ಎರಡು ಇಂಚು ಅಂದರೆ 2,900 ಲೀಟರ್ ಆಸುಪಾಸು. ಐದು ಪಟ್ಟಿಗಿಂತಲೂ ಜಾಸ್ತಿ! ಹಾಗೇ ಎರಡು ಇಂಚು ಇದ್ದದ್ದು ಒಂದೂವರೆಗೆ ಇಳಿದರೆ ಅರ್ಧ ನೀರು ಹೋಯಿತು ಅಂತಲೇ ಅರ್ಥ. ಈ ಗೊಂದಲ ಬೇಡ ಅಂತ ನಾವು 200 ಲೀಟರ್ ಡ್ರಮ್ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದೆವು. ತುಂಬಲು ನಾಲ್ಕು ನಿಮಿಷ. ಗಂಟೆಗೆ 3,000 ಲೀಟರ್. ತ್ರೀ ಫೇಸ್ 7 ಗಂಟೆ ಪೂರ್ತಿ ಕೊಟ್ಟರೂ 21,000 ಲೀಟರ್. ಎಕರೆಗೆ 11,000 ಬೇಕು. ಆಗ ನಮ್ಮ ತೋಟ 3 ಎಕರೆ. ಅಂದರೆ ಬೋರ್ ಚೆನ್ನಾಗಿದ್ದಾಗಲೂ ಅದರ ಕೈಲಾಗುವುದು 2 ಎಕರೆಗಿಂತ ಒಂದು ಚೂರು ಕಡಿಮೆ. ಡ್ರಿಪ್ ಇಲ್ಲದೆ ಹಾಯಿ ನೀರು ಬಿಡುವವರ ಪಾಡು ಇನ್ನೂ ಕಷ್ಟ. ಗಿಡಕ್ಕೆ 175 ಲೀಟರ್‌ನಂತೆ ನಾಲ್ಕು ದಿನಕ್ಕೊಮ್ಮೆ ಬಿಟ್ಟರೂ ಎಕರೆಗೆ ದಿನದ ಲೆಕ್ಕ 24,000 ಲೀಟರ್ ಆಗುತ್ತದೆ.

ಇಷ್ಟೆಲ್ಲ ನಮ್ಮ ಬೋರಿನ ಕಥೆ. ಪಕ್ಕದ ತೋಟ ದೊಡ್ಡಪ್ಪನದು. ಅವರ ಬೋರ್ ನಮ್ಮದರಿಂದ 400 ಅಡಿ ದೂರ. ಅವರಿಗೆ ಈ ಟೇಪು, ಬೀಪು ಎಲ್ಲ ಹುಡುಗಾಟ. ತೆಂಗಿನಕಾಯಿ ಅಂಗೈಮೇಲಿಟ್ಟು ನೀರಿನ ಜಾಗ ಹುಡುಕಿ ಪಾಯಿಂಟ್ ಮಾಡುವವರ ಮೇಲೆ ಅವರಿಗೆ ಜಾಸ್ತಿ ನಂಬಿಕೆ. ಆ ಮಾರ್ಚ್‌ನಲ್ಲಿ ಅವರ ಮೋಟ್ರು ಸುಟ್ಟುಹೋಯಿತು. ಎತ್ತಿ ವೈಂಡಿಂಗ್‌ಗೆ ಕಳಿಸಿದರು. ಅಂಗಡಿಯವನು ಇವತ್ತು ನಾಳೆ ಅಂತ ಸತಾಯಿಸುತ್ತಿದ್ದ. ಆ ದಿನಗಳಲ್ಲಿ ನಮ್ಮ ಮೋಟ್ರು ಎಂದಿನಂತೆ ಓಡುತ್ತಿತ್ತು, ಆದರೂ ಬೆಳಗಿನ ಮಟ್ಟ ಇಳಿಯುವುದು ಬಿಟ್ಟು 14 ಅಡಿ ಮೇಲೆ ಬಂತು. ಮಳೆ ಹನಿಯೂ ಬಿದ್ದಿರಲಿಲ್ಲ. ನನಗೆ ಅನುಮಾನ ಬಂತು. ಅವರ ಬೋರು ಹೇಗೂ ಖಾಲಿ, ಟೇಪು ಇಳಿಸೋಕೆ ಏನೂ ಅಡ್ಡಿಯಿಲ್ಲ.

"ದೊಡ್ಡಪ್ಪ, ನಿಮ್ಮ ಬೋರಿಗೆ ಟೇಪ್ ಬಿಟ್ಟು ಕೂತ್ಕೊಳ್ಳಿ, ನಾನು ಅಲ್ಲಿ ಮೋಟ್ರು ಆನ್ ಮಾಡ್ತೀನಿ" ಅಂದೆ. ಸುಮ್ನೆ ತಮಾಷೆ ನೋಡೋಣ ಅಂತ ಒಪ್ಪಿದರು. ಕಡ್ಡಿಯನ್ನು ಸರಿಯಾಗಿ ನೀರಿನ ಮೇಲ್ಮೈಗೆ ತಾಗಿಸಿ ಬೀಪ್ ಬರುವಂತೆ ಹಿಡಿದುಕೊಂಡರು. ನಾನು ಓಡಿಹೋಗಿ ಸ್ಟಾರ್ಟರ್ ಒತ್ತಿ ವಾಪಸ್ ಬಂದೆ. ಕೆಲವು ನಿಮಿಷ ಬೀಪ್ ಬರುತ್ತಲೇ ಇತ್ತು. ಆಮೇಲೆ ನಿಂತಿತು. ಅರ್ಧ ಅಡಿ ಇಳಿಸಿದರು, ಮತ್ತೆ ಕೂಗಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಹೀಗೇ ಇಳಿಸುತ್ತಾ ಇಳಿಸುತ್ತಾ ಒಂದು ಗಂಟೆಯಲ್ಲಿ 11 ಅಡಿ. ದೊಡ್ಡಪ್ಪ ಟೇಪು ನನ್ನ ಕೈಗೆ ಕೊಟ್ಟು, "ಒಂದೇ ಎಳನೀರಿಗೆ ಇಬ್ರೂ ಕೊಳವೆ ಹಾಕೀವಿ ಅನ್ನು" ಅಂದರು. ಸಭೆಯಲ್ಲಿ ಆ ಹುಡುಗ ಎಷ್ಟು ಹೇಳಿದರೂ ಅವರ ತಲೆಗೆ ಹೋಗದೇ ಇದ್ದದ್ದು ತಮ್ಮ ಕೈಯಲ್ಲಿ ಟೇಪು ಇದ್ದಾಗ ಹೋಯಿತು.

ಅಲ್ಲಿಂದ ಪಾಳಿ ಶುರುವಾಯಿತು. ಒಂದು ದಿನ ಅವರು, ಒಂದು ದಿನ ನಾವು. ಇಬ್ಬರೂ ಒಟ್ಟಿಗೆ ಓಡಿಸಿದರೆ ಎರಡೂ ಬೋರಿನಲ್ಲಿ ನೀರು ಆಳಕ್ಕೆ ಹೋಗಿ ಇಬ್ಬರಿಗೂ ಕಡಿಮೆ ಬರುತ್ತದೆ. ಒಬ್ಬರೇ ಓಡಿಸಿದರೆ ಅದೇ ಕರೆಂಟಿನಲ್ಲಿ ಡ್ರಮ್ ಬೇಗ ತುಂಬುತ್ತದೆ. ಹಾಗಂತ ಪಾಳಿಯಿಂದ ನೀರು ಹುಟ್ಟುವುದಿಲ್ಲ, ಇರುವುದನ್ನು ಜಗಳವಿಲ್ಲದೆ ಎತ್ತುತ್ತೇವೆ ಅಷ್ಟೇ.

ನೀರು ಉಳಿಸಿದ್ದು ಬುಡದ ಕೆಲಸ. ಸೋಗೆ, ಅಡಿಕೆ ಸಿಪ್ಪೆ ಯಾವುದನ್ನೂ ಸುಡದೆ ಗಿಡದ ಬುಡಕ್ಕೆ ದಪ್ಪಗೆ ಹರಡಿದೆವು. ಡ್ರಿಪ್ಪಿನ ಕಟ್ಟಿದ ತೂತುಗಳನ್ನು ಬಿಡಿಸಿದೆವು. ಯಾವ ಸಾಲಿಗೆ ಎಷ್ಟು ಹೊತ್ತು ಅಂತ ವಾಲ್ವಿಗೆ ಚೀಟಿ ಕಟ್ಟಿದೆವು.

ಹಳೇ 420 ಅಡಿ ಬೋರಿಗೆ ಮಳೆನೀರು ಇಂಗಿಸುವ ಗುಂಡಿಯನ್ನೂ ಮಾಡಿದೆವು. ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಅವರು ಬೋರ್‌ವೆಲ್ ಮರುಪೂರಣವನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದವರು, ಹಾಗಾಗಿ ಈ ಪದ್ಧತಿ ನಮ್ಮ ಕಡೆ ಹೊಸದೇನಲ್ಲ. ಕೇಸಿಂಗ್ ಸುತ್ತ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳದ ಗುಂಡಿ. ಗುಂಡಿಯ ಅಡಿಯಲ್ಲಿ ಕಾಣುವ ಕೇಸಿಂಗ್‌ಗೆ ಸಣ್ಣ ಸಣ್ಣ ತೂತು ಹಾಕಿ ನೈಲಾನ್ ಜಾಲರಿ ಸುತ್ತಬೇಕು. ಆಮೇಲೆ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹರಿದು ಬರುವ ನೀರು ಮೊದಲು ಇನ್ನೊಂದು ಚಿಕ್ಕ ಗುಂಡಿಯಲ್ಲಿ ನಿಂತು ಕೆಸರು ಬಿಟ್ಟು ಬರಬೇಕು, ಇಲ್ಲದಿದ್ದರೆ ಎರಡೇ ಮಳೆಗೆ ಮರಳೆಲ್ಲ ಕಟ್ಟಿಕೊಳ್ಳುತ್ತದೆ. ಗೊಬ್ಬರ, ಔಷಧಿ ಹೊಡೆದ ಹೊಲದ ನೀರನ್ನು ಮಾತ್ರ ಬಿಡಬಾರದು. ಬೋರಿಗೆ ಇಳಿದದ್ದು ನೇರ ಕುಡಿಯುವ ನೀರಿಗೆ ಸೇರುತ್ತದೆ.

ಇಂಗುಗುಂಡಿ ಮಾಡಿದ ಮೇಲೆ ಎಷ್ಟು ಬೇಕಾದರೂ ಎತ್ತಬಹುದು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸಿಟ್ಟು ಬರಿಸುವ ಮಾತು. ನಮ್ಮ ಗುಂಡಿಗೆ ನೀರು ಬರುವ ಜಾಗ 2 ಎಕರೆ. ಬಿದ್ದ 600 ಮಿಲಿಮೀಟರ್ ಮಳೆಯಲ್ಲಿ ಐದರಲ್ಲೊಂದು ಪಾಲು ಹರಿದು ಬಂದರೂ 10 ಲಕ್ಷ ಲೀಟರ್ ಒಳಗೇ. ಅಷ್ಟೂ ಇಂಗುವುದಿಲ್ಲ, ಇಂಗಿದರೂ ಒಂದು ಎಕರೆ ಅಡಿಕೆಯ ವರ್ಷದ ನೀರಿನ ಅರ್ಧಕ್ಕೂ ಕಡಿಮೆ. ಅದೂ ನಮ್ಮ ಬೋರಿಗೇ ಬರಬೇಕು ಅಂತೇನಿಲ್ಲ. ಮೊದಲ ದೊಡ್ಡ ಮಳೆಯಾದ ಮೇಲೆ ಜಾಸ್ತಿ ಏರಿದ್ದು ದೊಡ್ಡಪ್ಪನ ಬೋರು! ಖರ್ಚು ನಮ್ಮದು. ಅವರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ನವೆಂಬರಿನಲ್ಲಿ ಹಿಂದಿನ ವರ್ಷ 110 ಇದ್ದ ಮಟ್ಟ 260ಕ್ಕೆ ನಿಂತಿತ್ತು. ಬೇಸಿಗೆ ಇನ್ನೂ ಮುಂದಿದೆ. ಟೇಪು ಇಲ್ಲದಿದ್ದರೆ ನಾವೂ ಮಾರ್ಚ್‌ವರೆಗೆ ಆಟೋ ಹಾಕಿಕೊಂಡು ಆರಾಮಾಗಿರುತ್ತಿದ್ದೆವು. ಆ ಅಂಕಿ ನೋಡಿ ಮನೆಯಲ್ಲಿ ಕೂತು ಮಾತಾಡಿದೆವು. ಎರಡು ಎಕರೆ ಉಳಿಸಿಕೊಳ್ಳಬೇಕಾದರೆ ಒಂದು ಎಕರೆ ಬಿಡಬೇಕು. ಬಿಡುವುದು ಯಾವುದನ್ನು? ಬಾವಿ ಪಕ್ಕದ ಹಳೇ ತೋಟ, ತಾತ ಇಟ್ಟದ್ದು, ಇಳುವರಿ ಇಳಿದಿತ್ತು. ಅಪ್ಪ ಮೂರು ಎಕರೆಗೂ ಸ್ವಲ್ಪ ಸ್ವಲ್ಪ ಕೊಡೋಣ ಅಂದರು. ಡ್ರಮ್ಮಿನ ಲೆಕ್ಕ ಹಾಕಿ ತೋರಿಸಿದೆ. ಹಾಗೆ ಕೊಟ್ಟರೆ ಗಿಡಕ್ಕೆ 13 ಲೀಟರೂ ಸಿಗುವುದಿಲ್ಲ. ಅಪ್ಪ ಒಪ್ಪಿದರು ಅಂತ ಹೇಳಲಾರೆ, ಬೇಡ ಅನ್ನುವುದು ನಿಲ್ಲಿಸಿದರು. ಆ ಎಕರೆಯ ವಾಲ್ವ್ ಡಿಸೆಂಬರಿನಲ್ಲೇ ಬಂದ್ ಮಾಡಿದೆವು.

2024ರ ಏಪ್ರಿಲ್‌ನಲ್ಲಿ ಬೆಳಗಿನ ಮಟ್ಟ 410. ಎರಡು ಗಂಟೆ ಓಡಿಸಿದರೆ 540. ನಮ್ಮ ಮೋಟ್ರು ಕೂತಿರುವುದೇ 560 ಅಡಿಗೆ. ಅದಕ್ಕಿಂತ ಇಳಿದರೆ ಗ್ಯಾಪು ಕೊಟ್ಟು ಗಾಳಿ ಎಳೆದು ಮೋಟ್ರು ಸುಡುತ್ತದೆ. ಡ್ರಮ್ ತುಂಬಲು ಏಳು ನಿಮಿಷ ಬೇಕಾಗುತ್ತಿತ್ತು. ಎರಡು ಗಂಟೆ ಓಡಿಸಿ, ನಾಲ್ಕು ಗಂಟೆ ಬಿಟ್ಟು, ಮತ್ತೆ ಎರಡು ಗಂಟೆ. ಎರಡು ಎಕರೆಗೂ ಅರ್ಧ ಹೊಟ್ಟೆ ನೀರು. ಆಗ ಚನ್ನಗಿರಿ ಕಡೆಯಿಂದ ಹಿಡಿದು ನಮ್ಮವರೆಗೂ ತೋಟಗಳಿಗೆ ಟ್ಯಾಂಕರ್ ನೀರು ಹೊಡೆಸುತ್ತಿದ್ದರು. ಆ ಟ್ಯಾಂಕರ್ ತುಂಬುವುದೂ ಇನ್ನೊಬ್ಬರ ಬೋರಿನಿಂದಲೇ ತಾನೆ? ನಮ್ಮದೂ ದೊಡ್ಡಪ್ಪನದೂ ಟ್ಯಾಂಕರ್ ಇಲ್ಲದೆ ಮುಂಗಾರಿನವರೆಗೆ ಎಳೆಯಿತು. ಕಾಯಿ ಉದುರಿತು, ಗಿಡ ಉಳಿಯಿತು. ಬಿಟ್ಟ ಎಕರೆಯಲ್ಲಿ ಮುಕ್ಕಾಲು ಪಾಲು ಒಣಗಿತು, ಕಡಿಸಿ ಈಗ ತೊಗರಿ, ರಾಗಿ ಹಾಕುತ್ತಿದ್ದೇವೆ.

ಆ ವರ್ಷ ಮಳೆ ಚೆನ್ನಾಯಿತು. ನವೆಂಬರಿನಲ್ಲಿ 170 ಅಡಿ. ಮಳೆ ಬಂದ ಕೂಡಲೇ ಮೊದಲಿನ ಮಟ್ಟಕ್ಕೆ ಹೋಗುತ್ತದೆ ಅಂತ ಅಂದುಕೊಂಡವರೇ ಜಾಸ್ತಿ. 110ಕ್ಕೆ ಅದು ಬರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು ಬಂದರೆ ಕೆರೆ ತುಂಬುತ್ತದೆ, ಎಲ್ಲ ಸರಿಹೋಗುತ್ತದೆ ಅಂತ ಚಹಾದಂಗಡಿಯಲ್ಲಿ ದಿನಾ ಮಾತು. 2023ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 5,300 ಕೋಟಿ ಕೊಡುತ್ತೇವೆ ಅಂದಾಗಿನಿಂದ ಆ ಮಾತಿಗೆ ಇನ್ನೂ ಬಲ ಬಂದಿದೆ. ಕೆರೆ ತುಂಬಿದರೆ ಒಳ್ಳೆಯದೇ. ಆದರೆ ಕಾಲುವೆ ಬರುತ್ತದೆ ಅಂತ ಈಗಲೇ ಸಸಿ ಇಡುವವರನ್ನು ನೋಡಿದರೆ ಬೋರ್ಡಿನ ಮೇಲಿನ ಆ 8ರಿಂದ 11 ಎಕರೆ ಲೆಕ್ಕ ಕಣ್ಣ ಮುಂದೆ ಬರುತ್ತದೆ.

ಹೊಸ ಬೋರಿಗೆ ಲಗಾಮು ಇಲ್ಲವೇ ಅಂದರೆ ಇದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕೊರೆಸುವ ಹಾಗಿಲ್ಲ. ಆದರೆ ತಮಿಳುನಾಡಿನ ತಿರುಚೆಂಗೋಡಿನ ಬೋರ್ ಕೊರೆಯುವ ರಿಗ್ ಲಾರಿ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಕೇಳುವವರಾರು?

ಈಗ ನಮ್ಮ ತಲೆನೋವು ಮೇಲಿನ ಹೊಲದ ಅಣ್ಣ. ಅವರು ಹೊಸದಾಗಿ ಅಡಿಕೆ ಇಟ್ಟಿದ್ದಾರೆ, ಬೋರೂ ಹೊಸದು. ಅವರ ಮೋಟ್ರು ಓಡುವ ದಿನ ನಮ್ಮಿಬ್ಬರ ಬೋರಿನಲ್ಲೂ ಮಟ್ಟ ಇಳಿಯುತ್ತಿದೆ. ಪಾಳಿಗೆ ಬನ್ನಿ ಅಂದರೆ, "ನನ್ ಸಸಿ ಚಿಕ್ಕವು, ನಿಮ್ಮಷ್ಟು ನೀರೆಲ್ಲಿ ಕುಡೀತಾವೆ?" ಅನ್ನುತ್ತಾರೆ. ಅದೂ ಸುಳ್ಳಲ್ಲ. ಅಳೆಯಲು ಮಾತ್ರ ಒಪ್ಪಿದ್ದಾರೆ. ಅವರ ಕೇಸಿಂಗ್ ಮುಚ್ಚಳವನ್ನು ಸುತ್ತಲೂ ವೆಲ್ಡ್ ಮಾಡಿಸಿಬಿಟ್ಟಿರುವುದರಿಂದ ಟೇಪು ಇಳಿಸಲು ತೂತೇ ಇಲ್ಲ. ಹೊಳಲ್ಕೆರೆಯ ವೆಲ್ಡರ್‌ಗೆ ಹೇಳಿದ್ದೇವೆ, ಅವನ ಖರ್ಚು ಮೂರು ಪಾಲು ಅಂತ ಮಾತಾಗಿದೆ.